ಡಿಸ್ಕಿಗೂ ಒಂದು ಪಹಣಿ ಬೇಕು

ಸಂಪಾದಕರು ನನಗೆ ಐದು ಸ್ಟೆನ್ಸಿಲ್ ಜಾಗ ಕೊಟ್ಟಿದ್ದಾರೆ. ಅದಕ್ಕಿಂತ ಒಂದು ಸಾಲು ಹೆಚ್ಚಾದರೂ ಕತ್ತರಿ ಹಾಕುವುದಾಗಿ ಮೊದಲೇ ಹೇಳಿದ್ದಾರೆ. ಕವಿತೆಗೆ ಒಂದೊಂದು, ಕತೆಗೆ ಆರು, ಪುಸ್ತಕ ವಿಮರ್ಶೆಗೆ ಎರಡು. ಹೀಗೆ ಹಂಚಿಕೆ ಮಾಡಿ ಒಂದು ಹಾಳೆಯ ಮೇಲೆ ಬರೆದು ಸಂಘದ ಬೀರುವಿನ ಬಾಗಿಲಿಗೆ ಅಂಟಿಸಿದ್ದಾರೆ. ಯಾರಿಗೆ ಎಷ್ಟು ಅನ್ನುವುದು ಎಲ್ಲರಿಗೂ ಗೊತ್ತು. ಇದರಿಂದ ಜಗಳ ತಪ್ಪುವುದಿಲ್ಲ ನಿಜ. ಆದರೆ ಜಗಳ ಆಡುವುದಕ್ಕೆ ಒಂದು ಕಾಗದವಾದರೂ ಇದೆ. ನನ್ನ ಈ ಲೇಖನ ಅಂಥ ಒಂದು ಕಾಗದದ ಬಗ್ಗೆ.

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಕಂಪ್ಯೂಟರ್ ಡಿಸ್ಕಿನ ವಿಷಯ ಯಾಕಪ್ಪಾ ಅಂತ ಕೆಲವು ಮಿತ್ರರು ಮೂಗು ಮುರಿಯಬಹುದು. ಅದೂ ಬರೆಯುತ್ತಿರುವವನು ಕಾಮರ್ಸಿನವನು. ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಲ್ಲಿಗೆ ಬಂದ ಮೇಲೆ ಡೆಬಿಟ್ಟು ಕ್ರೆಡಿಟ್ಟುಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಪಾಸಾದವನು. ಕಂಪ್ಯೂಟರ್ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೂ ಇದು ಇಂಜಿನಿಯರುಗಳಿಗೆ ಮಾತ್ರ ಬಿಡುವ ವಿಷಯವಲ್ಲ ಎಂದು ನನಗೆ ಖಚಿತವಾಗಿದೆ. ಯಾಕೆ ಅಂತ ಹೇಳಬೇಕಾದರೆ ಮೊದಲು ನಮ್ಮ ಸಂಘಕ್ಕೆ ಆದ ನಷ್ಟವನ್ನು ಹೇಳಬೇಕು.

ನಮ್ಮ ಹಿರಿಯ ವಿದ್ಯಾರ್ಥಿನಿಯೊಬ್ಬರು, ಭಾಲ್ಕಿ ಕಡೆಯವರು, ತಮ್ಮ ಅಜ್ಜಿಯ ಬಾಯಿಂದ ಬೀಸುವ ಪದಗಳನ್ನು ಹಾಡಿಸಿ ಫೋನಿನಲ್ಲಿ ಹಿಡಿದಿಟ್ಟಿದ್ದರು. ಒಟ್ಟು 23 ಹಾಡು. ಸಂಘದ ಹೆಸರಿನಲ್ಲಿ ಇರಲಿ ಅಂತ ತಮಗೆ ಓದುವಾಗ ಸಿಕ್ಕಿದ್ದ ಖಾತೆಯಲ್ಲಿ ಅವನ್ನು ಹಾಕಿದ್ದರು. ನಾವೆಲ್ಲ ಒಂದು ಸಂಜೆ ಕೂತು ಕೇಳಿದ್ದೆವು. ಒಂದೊಂದನ್ನೇ ಬರಹಕ್ಕಿಳಿಸಿ ಈ ಪತ್ರಿಕೆಯಲ್ಲಿ ಹಾಕೋಣ ಅಂತ ಮಾತಾಗಿತ್ತು. ಅವರು ಪಾಸಾಗಿ ಹೋದರು. ಆ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಆಮೇಲೆ ನಾವು ಹಾಡು ಹುಡುಕಿದರೆ ಖಾತೆಯೇ ಇಲ್ಲ. ಓದು ಮುಗಿಸಿದವರ ಖಾತೆಗಳನ್ನು ಮುಚ್ಚಿದ್ದಾರಂತೆ. 'ಮೂವತ್ತು ದಿನದೊಳಗೆ ನಿಮ್ಮದನ್ನು ತೆಗೆದುಕೊಳ್ಳಿ' ಎಂದು ಇಂಗ್ಲಿಷಿನಲ್ಲಿ ಒಂದು ಪತ್ರ ಹೋಗಿತ್ತಂತೆ. ಎಲ್ಲಿಗೆ? ಅದೇ ಖಾತೆಗೆ. ಊರಿಗೆ ಹೋದವರು ಅದನ್ನು ತೆರೆದು ನೋಡುವುದೇ ಬಿಟ್ಟಿದ್ದರು.

ವಿಚಾರಿಸಲು ಹೋದಾಗ ಅಲ್ಲಿದ್ದವರು ಸಮಾಧಾನವಾಗಿಯೇ ಮಾತಾಡಿದರು. 'ಏನ್ಮಾಡೋದು, ಜಾಗ ಇರಲಿಲ್ಲ' ಅಂದರು. 'ಒಟ್ಟು ಎಷ್ಟು ಜಾಗ ಇತ್ತು ಸಾರ್, ಯಾರಿಗೆ ಎಷ್ಟು ಕೊಟ್ಟಿದ್ರಿ' ಅಂತ ಕೇಳಿದೆ. 'ಅದೆಲ್ಲ ಸಿಸ್ಟಮ್ಮಿಗೆ ಗೊತ್ತು' ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇದ್ದರೆ ನನ್ನ ಮೇಲೆಯೇ ಇರಬೇಕು. ಆಗ ನಾನು ಸಂಘದ ಖಜಾಂಚಿ. ಚಹಾದ ಖರ್ಚು, ಇಂಕಿನ ಖರ್ಚು, ರೀಮು ಕಾಗದದ ಖರ್ಚು ರೂಪಾಯಿ ರೂಪಾಯಿ ಬರೆದಿಟ್ಟಿದ್ದೆ. ಆ ಹಾಡುಗಳು ಯಾರ ಖಾತೆಯಲ್ಲಿವೆ, ಆ ಖಾತೆ ಎಲ್ಲಿಯತನಕ ಇರುತ್ತದೆ ಅಂತ ಮಾತ್ರ ಒಂದು ಸಾಲೂ ಬರೆದಿರಲಿಲ್ಲ.

ಈ ಸಂಕಟವನ್ನು ನಾನು ಹೇಳಿಕೊಂಡದ್ದು ನಮ್ಮ ಮಹಡಿ ಮೇಲಿನ ಅಣ್ಣನ ಹತ್ತಿರ. ನಾವಿರುವುದು ಶಂಶಾಬಾದಿನಲ್ಲಿ. 2008ರ ಮಾರ್ಚಿನಲ್ಲಿ ವಿಮಾನ ನಿಲ್ದಾಣ ಇಲ್ಲಿ ಶುರುವಾದ ಮೇಲೆ ನಾಲ್ಕು ದಿಕ್ಕಿನ ಜನ ಇಲ್ಲಿಗೆ ಬಂದು ಸೇರಿದ್ದಾರೆ. ಹುಮನಾಬಾದ್ ಕಡೆಯಿಂದ ಬಂದ ನಮ್ಮ ಮನೆಯೂ ಅಂಥದೇ ಒಂದು. ಈ ಅಣ್ಣನೂ ನಮ್ಮ ಕಡೆಯವನೇ. ನಗರದ ಒಂದು ಕಂಪನಿಯಲ್ಲಿ ರಾತ್ರಿ ಪಾಳಿ. ದೂರ ದೇಶದ ಬ್ಯಾಂಕೊಂದರ ಮೇನ್‌ಫ್ರೇಮ್ ಯಂತ್ರವನ್ನು ಇಲ್ಲಿಂದಲೇ ನೋಡಿಕೊಳ್ಳುವ ಕೆಲಸ. ಅದರಲ್ಲೂ ಯಾರಿಗೆ ಎಷ್ಟು ಡಿಸ್ಕ್ ಕೊಡಬೇಕು, ಯಾರದನ್ನು ಹಿಂದೆ ತಗೋಬೇಕು ಅನ್ನುವುದೇ ಅವನ ಕೆಲಸ. ನನ್ನ ಕತೆ ಕೇಳಿ ಅವನು ಹೇಳಿದ್ದು ಇಷ್ಟೇ: 'ತಮ್ಮಾ, ನಮ್ಮ ಹಳೇ ಮಷೀನಿನ್ಯಾಗ ಹಿಂಗ ಆಗಬೇಕಂದ್ರ ಯಾರಾದ್ರೂ ಒಬ್ಬರು ಕೂತು ಒಂದು ಸಾಲು ಅಳಿಸಬೇಕಾಗ್ತದ. ಆ ಸಾಲು ಯಾರ ಕೈಯಾಗಿತ್ತು ಅಂತ ಕೇಳು.' ಆ ಸಾಲು ಯಾವುದು ಅಂತ ತಿಳಿಯುವುದಕ್ಕೆ ನನಗೆ ಎರಡು ತಿಂಗಳ ಭಾನುವಾರಗಳು ಬೇಕಾದವು.

ಮೇನ್‌ಫ್ರೇಮ್ ಅಂದರೆ ಒಂದೇ ದೊಡ್ಡ ಯಂತ್ರದಲ್ಲಿ ನೂರಾರು ಜನ ಒಟ್ಟಿಗೆ ಕೆಲಸ ಮಾಡುವ ವ್ಯವಸ್ಥೆ. ನಮ್ಮ ಹೈದರಾಬಾದಿಗೆ ಈ ವಿದ್ಯೆ ಹೊಸದೇನಲ್ಲ. 1967ರಲ್ಲಿ ಇಲ್ಲಿ ಸ್ಥಾಪನೆಯಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್, ಅಂದರೆ ಇಸಿಐಎಲ್, ಟಿಡಿಸಿ ಸರಣಿಯ ದೇಶೀ ಗಣಕಗಳನ್ನು ಮಾಡಿತು. ವಿದೇಶೀ ವಿನಿಮಯ ಕಾಯಿದೆಯ ತಕರಾರಿನಲ್ಲಿ ಐಬಿಎಂ ಕಂಪನಿ 1978ರಲ್ಲಿ ದೇಶ ಬಿಟ್ಟು ಹೋದಾಗ, ಅದರ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸರ್ಕಾರಿ ಸಂಸ್ಥೆಯಾಗಿದ್ದ ಸಿಎಂಸಿಯ ಪಾಲಿಗೆ ಬಂತು. 1992ರಲ್ಲಿ ಐಬಿಎಂ ಟಾಟಾ ಜೊತೆಗೂಡಿ ವಾಪಸು ಬಂತು. ಇವತ್ತು ಯಂತ್ರ ಬೇರೆ ದೇಶದಲ್ಲಿ, ಅದನ್ನು ನಡೆಸುವ ಹುಡುಗರು ಬೆಂಗಳೂರು ಹೈದರಾಬಾದುಗಳಲ್ಲಿ. ನಮ್ಮ ಅಣ್ಣ ಅವರಲ್ಲಿ ಒಬ್ಬ.

ಈ ಐಬಿಎಂನವರು 1972ರ ಆಗಸ್ಟಿನಲ್ಲಿ ವಿಎಂ/370 ಎಂಬ ಒಂದು ವ್ಯವಸ್ಥೆಯನ್ನು ಪ್ರಕಟಿಸಿದರು. ವಿಎಂ ಅಂದರೆ ವರ್ಚುಯಲ್ ಮಷೀನ್. ಯಂತ್ರ ಒಂದೇ. ಆದರೆ ಒಳಗೆ ಬಂದ ಪ್ರತಿಯೊಬ್ಬನಿಗೂ ತನಗೆ ಅಂತಲೇ ಒಂದು ಇಡೀ ಯಂತ್ರ ಇದೆ ಅನ್ನಿಸುವ ಹಾಗೆ ಮಾಡುತ್ತದೆ. ಅದರಲ್ಲಿ ಡಿಸ್ಕೂ ಸೇರಿತು. ಅದನ್ನು ಮಿನಿಡಿಸ್ಕ್ ಅನ್ನುತ್ತಾರೆ. ಇದರ ವಂಶದ ಕುಡಿ ಜೆಡ್/ವಿಎಂ ಎಂಬ ಹೆಸರಿನಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಹಳೆಯ ವಿಎಂ/370ನ್ನೂ ಹರ್ಕ್ಯುಲಿಸ್ ಎಂಬ ಉಚಿತ ಪ್ರೋಗ್ರಾಮಿನ ಸಹಾಯದಿಂದ ಯಾವುದೇ ಲ್ಯಾಪ್‌ಟಾಪಿನಲ್ಲಿ ಓಡಿಸಬಹುದು. ಅಣ್ಣನ ಹಳೇ ಲ್ಯಾಪ್‌ಟಾಪಿನಲ್ಲಿ ನಾನು ಕಲಿತದ್ದು ಹಾಗೆಯೇ.

ಈಗ ಡಿಸ್ಕಿನ ವಿಷಯ. ಆ ಕಾಲದ 3330 ಎಂಬ ಡಿಸ್ಕನ್ನು ತಗೊಳ್ಳಿ. ದೋಸೆ ಪೇರಿಸಿಟ್ಟಂತೆ ಒಂದರ ಮೇಲೊಂದು ತಟ್ಟೆಗಳು, ನಡುವೆ ಬಾಚಣಿಗೆಯ ಹಲ್ಲಿನಂತೆ ಓದುವ ಕೈಗಳು. ಬಾಚಣಿಗೆ ಒಂದು ಕಡೆ ನಿಂತಾಗ ಎಲ್ಲ ತಟ್ಟೆಗಳಲ್ಲೂ ಅದರ ಕೆಳಗೆ ಬರುವ ಸುತ್ತುಗಳನ್ನು ಒಟ್ಟಿಗೆ ಸೇರಿಸಿ ಒಂದು ಸಿಲಿಂಡರ್ ಅನ್ನುತ್ತಾರೆ. ಒಂದು ಡಿಸ್ಕಿಗೆ 404 ಸಿಲಿಂಡರ್, ಒಂದು ಸಿಲಿಂಡರಿಗೆ 19 ಸುತ್ತು, ಒಂದು ಸುತ್ತಿಗೆ 13,030 ಬೈಟ್. ಗುಣಿಸಿ ನೋಡಿದರೆ ಒಟ್ಟು ಹತ್ತು ಕೋಟಿ ಬೈಟಿಗೆ ತುಸು ಹೆಚ್ಚು, ಅಂದರೆ ಸುಮಾರು 100 ಎಂಬಿ. ಇಷ್ಟರಲ್ಲೇ ಎಲ್ಲರಿಗೂ ಹಂಚಬೇಕು.

ಹಂಚುವುದು ಹೇಗೆ? ಡೈರೆಕ್ಟರಿ ಎಂಬ ಒಂದು ಕಡತ ಇರುತ್ತದೆ. ಅದರಲ್ಲಿ ಪ್ರತಿ ಬಳಕೆದಾರನ ಹೆಸರು, ಕೆಳಗೆ ಅವನ ಅಕೌಂಟ್ ನಂಬರ್, ಅದರ ಕೆಳಗೆ ಅವನ ಡಿಸ್ಕಿನ ಸಾಲು. ಆ ಸಾಲಿನಲ್ಲಿ ಇರುವುದು ಇಷ್ಟು: ಬಳಕೆದಾರ ಕರೆಯುವ ಡಿಸ್ಕ್ ನಂಬರ್, ಸಾಮಾನ್ಯವಾಗಿ 191, ಡಿಸ್ಕಿನ ಜಾತಿ, 3330, ಯಾವ ಸಿಲಿಂಡರಿನಿಂದ ಶುರು, ಉದಾಹರಣೆಗೆ 11, ಎಷ್ಟು ಸಿಲಿಂಡರ್, ಉದಾಹರಣೆಗೆ 5, ಯಾವ ಡಿಸ್ಕಿನ ಮೇಲೆ ಎಂದು ಅದರ ಹೆಸರು, ಓದುವುದಕ್ಕೋ ಬರೆಯುವುದಕ್ಕೋ ಎಂಬ ಹಕ್ಕು. ಇದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಯಾಕಂದರೆ ಇದನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ತಾತನ ಟ್ರಂಕಿನಲ್ಲಿ. ಸರ್ವೆ ನಂಬರ್, ಹಿಸ್ಸಾ, ಖಾತೆದಾರನ ಹೆಸರು, ಎಕರೆ ಗುಂಟೆ, ಹಕ್ಕಿನ ಬಗೆ. ಇದು ಪಹಣಿಯಲ್ಲದೆ ಮತ್ತೇನು?

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಬಳಕೆದಾರ ತನ್ನ 191ನ್ನು ತೆರೆದಾಗ ಅವನಿಗೆ ಕಾಣುವುದು ಸೊನ್ನೆಯಿಂದ ನಾಲ್ಕರವರೆಗಿನ ಸಿಲಿಂಡರುಗಳು. ನಿಜವಾಗಿ ಅವು ಹನ್ನೊಂದರಿಂದ ಹದಿನೈದು. ಅವನು ಸೊನ್ನೆ ಅಂದಾಗ ಯಂತ್ರ ಹನ್ನೊಂದು ಕೂಡಿಸಿಕೊಳ್ಳುತ್ತದೆ. ಅವನು ಐದನೆಯದನ್ನು ಕೇಳಿದರೆ ಇಲ್ಲ ಅನ್ನುತ್ತದೆ. ಪಕ್ಕದ ಹೊಲ ಅಂತ ಒಂದು ಇದೆ ಎಂಬುದೇ ಅವನಿಗೆ ಕಾಣುವುದಿಲ್ಲ. ಬದು ಅಷ್ಟು ಗಟ್ಟಿ. ಇಡೀ ಡಿಸ್ಕಿನ ಸೊನ್ನೆಯ ಸಿಲಿಂಡರನ್ನು ಮಾತ್ರ ಯಾರಿಗೂ ಕೊಡುವ ಹಾಗಿಲ್ಲ. ಅದರಲ್ಲಿ ಡಿಸ್ಕಿನ ಹೆಸರು, ಹಂಚಿಕೆಯ ನಕ್ಷೆ ಇರುತ್ತವೆ. ಊರಿನ ಗಾಂವಠಾಣ ಇದ್ದ ಹಾಗೆ.

ಎಲ್ಲರಿಗೂ ಬೇಕಾದ ಸಾಮಾನ್ಯ ಪ್ರೋಗ್ರಾಮುಗಳನ್ನು ಒಬ್ಬೊಬ್ಬರ ಪಾಲಿನಲ್ಲೂ ತುಂಬುವುದಿಲ್ಲ. 190 ಎಂಬ ಒಂದೇ ಡಿಸ್ಕಿನಲ್ಲಿ ಇಟ್ಟು ಎಲ್ಲರಿಗೂ ಓದುವ ಹಕ್ಕು ಮಾತ್ರ ಕೊಡುತ್ತಾರೆ. ಸಂಘದ ಲೈಬ್ರರಿಯಲ್ಲಿ ನಿಘಂಟು ಒಂದೇ ಇದ್ದರೂ ಎಲ್ಲರೂ ನೋಡಿಕೊಳ್ಳುತ್ತೇವಲ್ಲ, ಹಾಗೆ. ಇನ್ನು ಒಂದು ಹೊತ್ತಿನ ಕೆಲಸಕ್ಕೆ ತಾತ್ಕಾಲಿಕ ಡಿಸ್ಕ್ ಅಂತ ಸಿಗುತ್ತದೆ. ಲಾಗ್ ಆಫ್ ಆದ ಕೂಡಲೇ ಅದು ಹೋಯಿತು. ಅದು ಹೋಗುತ್ತದೆ ಅಂತ ಮೊದಲೇ ಗೊತ್ತಿರುವುದರಿಂದ ಯಾರೂ ಅದರಲ್ಲಿ ಅಜ್ಜಿಯ ಹಾಡು ಇಡುವುದಿಲ್ಲ.

ಇನ್ನು ಈ ವ್ಯವಸ್ಥೆ ಎಲ್ಲಿ ಕೆಡುತ್ತದೆ ನೋಡೋಣ. ಒಂದು ಭಾನುವಾರ ಅಣ್ಣ ಒಂದು ಆಟ ಆಡಿಸಿದ. ಡೈರೆಕ್ಟರಿಯಲ್ಲಿ ಇಬ್ಬರನ್ನು ಸೃಷ್ಟಿಸು ಅಂದ. ಒಬ್ಬನಿಗೆ 101ರಿಂದ ಹತ್ತು ಸಿಲಿಂಡರ್, ಇನ್ನೊಬ್ಬನಿಗೆ ಬೇಕಂತಲೇ ತಪ್ಪಾಗಿ 106ರಿಂದ ಹತ್ತು. 106ರಿಂದ 110ರವರೆಗೆ ಐದು ಸಿಲಿಂಡರು ಇಬ್ಬರಿಗೂ ಸೇರಿತು. ಯಂತ್ರ ತಕರಾರು ಮಾಡೀತು ಅಂದುಕೊಂಡಿದ್ದೆ. ಒಂದು ಮಾತೂ ಆಡದೆ ಒಪ್ಪಿಕೊಂಡಿತು. ಮೊದಲನೆಯವನ ಡಿಸ್ಕಿನ ತುಂಬ ಕಡತ ತುಂಬಿದೆ. ಎರಡನೆಯವನಾಗಿ ಒಳಗೆ ಹೋಗಿ, ಹೊಸ ಡಿಸ್ಕಲ್ಲವೇ, ಫಾರ್ಮ್ಯಾಟ್ ಮಾಡಿದೆ. ವಾಪಸು ಬಂದು ನೋಡಿದರೆ ಮೊದಲನೆಯವನ ಅರ್ಧ ಬೆಳೆ ಹಾಳು. ಇಬ್ಬರೂ ಕಳ್ಳರಲ್ಲ. ಇಬ್ಬರ ಸಾಲೂ ಡೈರೆಕ್ಟರಿಯಲ್ಲಿ ಸರಿಯಾಗಿಯೇ ಇದೆ. ಬದುವನ್ನು ಯಾರೂ ಒತ್ತಲಿಲ್ಲ. ಬರೆದವನ ಲೇಖಣಿ ಒತ್ತಿತು. ಒಂದೇ ಹೊಲಕ್ಕೆ ಎರಡು ಪಹಣಿ ಹುಟ್ಟಿದ ಕತೆಗಳು ನಮ್ಮ ಕಡೆ ಎಷ್ಟಿವೆ ಅಂತ ಬೀದರ್ ಕಲಬುರ್ಗಿಯ ಮಿತ್ರರಿಗೆ ನಾನು ಹೇಳಬೇಕಾಗಿಲ್ಲ.

ಇದನ್ನು ಹಿಡಿಯುವುದಕ್ಕೆ ಡಿಸ್ಕ್‌ಮ್ಯಾಪ್ ಎಂಬ ಒಂದು ಪ್ರೋಗ್ರಾಮ್ ಇದೆ. ಡೈರೆಕ್ಟರಿಯನ್ನೆಲ್ಲ ಓದಿ, ಸಿಲಿಂಡರಿನ ಕ್ರಮದಲ್ಲಿ ಜೋಡಿಸಿ, ಎಲ್ಲಿ ಖಾಲಿ ಬಿಟ್ಟಿದೆ, ಎಲ್ಲಿ ಒಂದರ ಮೇಲೊಂದು ಬಿದ್ದಿದೆ ಅಂತ ತೋರಿಸುತ್ತದೆ. ಕಾಮರ್ಸಿನ ಗೆಳೆಯರೇ, ಇದು ನಮ್ಮ ಟ್ರಯಲ್ ಬ್ಯಾಲೆನ್ಸ್ ಅಲ್ಲವೇ? ಕೊಟ್ಟದ್ದು, ಉಳಿದದ್ದು, ಯಾರಿಗೂ ಕೊಡದೆ ತೆಗೆದಿಟ್ಟದ್ದು, ಮೂರೂ ಕೂಡಿದರೆ 404 ಬರಬೇಕು. ಹೆಚ್ಚು ಬಂದರೆ ಎಲ್ಲೋ ಒತ್ತುವರಿ. ಕಡಿಮೆ ಬಂದರೆ ಯಾವುದೋ ಜಾಗ ಲೆಕ್ಕದಿಂದ ಜಾರಿದೆ. ಆಮೇಲೆ ಬಂದ ಡಿರ್‌ಮೆಂಟ್ ಎಂಬ ವ್ಯವಸ್ಥೆ ಈ ಹಂಚುವ ಕೆಲಸವನ್ನು ತಾನೇ ಮಾಡುತ್ತದೆ. ಖಾಲಿ ಜಾಗ ಹುಡುಕಿ ಕೊಡುತ್ತದೆ, ಒಬ್ಬನಿಂದ ಹಿಂದೆ ಪಡೆದದ್ದನ್ನು ಅಳಿಸಿ ಶುದ್ಧ ಮಾಡಿ ಇನ್ನೊಬ್ಬನಿಗೆ ಕೊಡುವ ಹಾಗೆಯೂ ಮಾಡಬಹುದು. ಹಾಗೆ ಅಳಿಸದೆ ಕೊಟ್ಟರೆ ಹಿಂದಿನವನ ಗುಟ್ಟು ಮುಂದಿನವನ ಕೈಗೆ ಸಿಕ್ಕೀತು.

ಇನ್ನೊಂದು ತೊಡಕು ಇದೆ. ಐದು ಸಿಲಿಂಡರ್ ಇದ್ದವನಿಗೆ ಎಂಟು ಬೇಕಾಯಿತು ಅನ್ನಿ. ಪಕ್ಕದಲ್ಲಿ ಬೇರೆಯವನಿದ್ದರೆ ಅಲ್ಲೇ ಹಿಗ್ಗಿಸಲು ಬರುವುದಿಲ್ಲ. ಬೇರೆ ಕಡೆ ಎಂಟು ಸಿಲಿಂಡರಿನ ಜಾಗ ಹುಡುಕಿ, ಎಲ್ಲವನ್ನೂ ಅಲ್ಲಿಗೆ ನಕಲು ಮಾಡಿ, ಹಳೆಯದನ್ನು ಬಿಡಬೇಕು. ಅಲ್ಲೊಂದು ಐದರ ಗುಂಡಿ ಉಳಿಯಿತು. ಹೀಗೆ ವರ್ಷಗಟ್ಟಲೆ ಆದ ಮೇಲೆ ಒಟ್ಟು ಐವತ್ತು ಸಿಲಿಂಡರ್ ಖಾಲಿ ಇದ್ದರೂ ಒಟ್ಟಿಗೆ ಇಪ್ಪತ್ತು ಸಿಗುವುದಿಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಎತ್ತು ತಿರುಗಿಸಲೂ ಜಾಗ ಇಲ್ಲದ ಹೊಲದ ಹಾಗೆ.

ಇಷ್ಟು ಕೇಳಿದ ಮೇಲೆ ಒಬ್ಬ ಮಿತ್ರ ನನ್ನನ್ನು ಕೇಳಿದ: 'ಹಳೇ ಪದ್ಧತಿಯನ್ನ ಹೊಗಳ್ತಾ ಇದ್ದೀಯಲ್ಲ, ಐದು ಕೊಟ್ಟವನು ಒಂದನ್ನೇ ಬಳಸಿದರೆ ಉಳಿದ ನಾಲ್ಕು ದಂಡ ತಾನೆ? ಪಕ್ಕದವನು ಜಾಗ ಇಲ್ಲದೆ ಒದ್ದಾಡ್ತಿರ್ತಾನೆ.' ಮಾತು ನಿಜ. ಅದಕ್ಕೇ 1980ರ ದಶಕದ ಕೊನೆಗೆ ವಿಎಂನಲ್ಲೇ ಇನ್ನೊಂದು ಪದ್ಧತಿ ಬಂತು. ಎಲ್ಲರದೂ ಒಂದೇ ದೊಡ್ಡ ಕಣಜ. ಪ್ರತಿಯೊಬ್ಬನಿಗೂ ಇಷ್ಟರವರೆಗೆ ಎಂಬ ಮಿತಿ. ಬರೆದಷ್ಟೇ ಜಾಗ ಖರ್ಚಾಗುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಇರುವುದು ನೂರು ಚೀಲ, ಮಿತಿ ಕೊಟ್ಟದ್ದು ನೂರೈವತ್ತು ಚೀಲಕ್ಕೆ. ಎಲ್ಲರೂ ಒಂದೇ ದಿನ ಬರುವುದಿಲ್ಲ ಎಂಬ ಧೈರ್ಯ. ಬ್ಯಾಂಕು ನಡೆಯುವುದೂ ಇದೇ ಧೈರ್ಯದ ಮೇಲೆ ಅಂತ ನಾವು ಮೊದಲ ವರ್ಷದಲ್ಲೇ ಓದಿದ್ದೇವೆ. ಆದರೆ ಬ್ಯಾಂಕಿಗೆ ಇಷ್ಟು ನಗದು ಕೈಯಲ್ಲಿಡು ಅಂತ ಹೇಳುವ ರಿಸರ್ವ್ ಬ್ಯಾಂಕ್ ಇದೆ. ಡಿಸ್ಕಿನ ಕಣಜಕ್ಕೆ ಯಾರಿದ್ದಾರೆ?

ಕಣಜದ ಪದ್ಧತಿ ಬೆಳೆದು ಬೆಳೆದು ಕೊನೆಗೆ 'ಮಿತಿಯೇ ಇಲ್ಲ' ಎಂಬ ಮಾತಿಗೆ ಬಂದು ನಿಂತಿತು. ಶಾಲೆ ಕಾಲೇಜುಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿದ್ದ ಗೂಗಲ್ ಸಂಸ್ಥೆ, ಇನ್ನು ಮುಂದೆ ಇಡೀ ಒಂದು ಸಂಸ್ಥೆಗೆ ಒಟ್ಟು 100 ಟಿಬಿ ಮೂಲ ಪಾಲು ಅಂತ 2021ರ ಫೆಬ್ರವರಿಯಲ್ಲಿ ಪ್ರಕಟಿಸಿತು. 2022ರ ಜುಲೈಯಿಂದ ಅದು ಹಳಬರಿಗೂ ಜಾರಿಗೆ ಬಂತು. ಒಂದು ಕಂಪನಿ ಉಚಿತವಾಗಿ ಕೊಟ್ಟದ್ದಕ್ಕೆ ಮಿತಿ ಹಾಕಿದರೆ ನಾನು ತಪ್ಪು ಅನ್ನಲಾರೆ. ತಪ್ಪು ಇರುವುದು ಮಿತಿಯಿಲ್ಲ ಅಂದ ಕೂಡಲೇ ಲೆಕ್ಕ ಬರೆಯುವುದನ್ನೇ ಬಿಟ್ಟ ನಮ್ಮಲ್ಲಿ. ಊಟ ಸಾಕಷ್ಟಿದೆ ಅಂದಾಗ ಯಾರೂ ಎಲೆ ಎಣಿಸುವುದಿಲ್ಲ. ಸಾಲದು ಅಂದಾಗ ಕಡೆಯ ಪಂಕ್ತಿಯವರನ್ನು ಎಬ್ಬಿಸುತ್ತಾರೆ.

ಈಗ ನಮ್ಮ ಹಾಡಿಗೆ ಬರುತ್ತೇನೆ. ಮೂರು ನಿಮಿಷದ ಒಂದು ಹಾಡು ಸಾಧಾರಣ ಗುಣಮಟ್ಟದ ಎಂಪಿ3 ಆದರೆ ಸುಮಾರು 29 ಲಕ್ಷ ಬೈಟ್. 23 ಹಾಡಿಗೆ ಸುಮಾರು 66 ಎಂಬಿ. 1970ರ ದಶಕದ 3330 ಡಿಸ್ಕಿನಲ್ಲಾದರೆ ಅಜ್ಜಿಯೊಬ್ಬರಿಗೇ ಸುಮಾರು 268 ಸಿಲಿಂಡರ್ ಬೇಕಾಗುತ್ತಿತ್ತು. ಇಡೀ ಡಿಸ್ಕಿನ ಮೂರನೇ ಎರಡು ಪಾಲು! ಆಗ ಜಾಗ ಇಲ್ಲ ಅಂದಿದ್ದರೆ ನಾನು ಕೈಮುಗಿದು ಬರುತ್ತಿದ್ದೆ. ಇವತ್ತಿನ ಲೆಕ್ಕ ನೋಡಿ. 100 ಟಿಬಿಯನ್ನು 20,000 ಜನರಿರುವ ಒಂದು ವಿಶ್ವವಿದ್ಯಾಲಯ ಸಮನಾಗಿ ಹಂಚಿಕೊಂಡರೂ ತಲೆಗೆ 5 ಜಿಬಿ. ಅದರಲ್ಲಿ 66 ಎಂಬಿ ಅಂದರೆ ನೂರಕ್ಕೆ ಒಂದೂ ಕಾಲು ಭಾಗದಷ್ಟು. 'ಜಾಗ ಇರಲಿಲ್ಲ' ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೆ. ಇರಲಿಲ್ಲವಾದದ್ದು ಲೆಕ್ಕ.

ಕನ್ನಡದವರಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. 'ಕನ್ನಡ' ಎಂಬ ಪದದಲ್ಲಿ ಒತ್ತಕ್ಷರಕ್ಕೆ ಬೇಕಾದ ಹಲಂತವೂ ಸೇರಿ ಐದು ಸಂಕೇತ, ಅಂದರೆ 15 ಬೈಟ್. ಅದೇ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಏಳು ಅಕ್ಷರ, 7 ಬೈಟ್. 3330ರ ಒಂದು ಸಿಲಿಂಡರಿನಲ್ಲಿ ನನ್ನ ಈ ಲೇಖನದಂಥವು ನಾಲ್ಕಾದರೂ ಹಿಡಿದಾವು. ಜಾಗ ಬಿಗಿಯಾದಾಗ ಎಲ್ಲರಿಗೂ ಒಂದೇ ಅಳತೆ ಅಂದರೆ, ಒಂದೇ ಅಳತೆಯ ಪಾತ್ರೆಯಲ್ಲಿ ಕನ್ನಡ ಬರಹ ಕಡಿಮೆ ಹಿಡಿಯುತ್ತದೆ. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಆದರೆ ಹಂಚುವವರಿಗೆ ಇದು ಗೊತ್ತಿರಬೇಕು, ಕೇಳುವವರಿಗೂ ಗೊತ್ತಿರಬೇಕು.

ಹಾಗಾದರೆ ಹಳೇ ಮೇನ್‌ಫ್ರೇಮಿನ ಕಾಲ ರಾಮರಾಜ್ಯವೇ? ಖಂಡಿತ ಅಲ್ಲ. ಡೈರೆಕ್ಟರಿ ಬರೆಯುವವನು ಒಬ್ಬ ಸಣ್ಣ ಪಟವಾರಿಯೇ ಆಗಿರುತ್ತಿದ್ದ. ಅವನ ಮುಂದೆ ಎರಡು ಸಿಲಿಂಡರಿಗೆ ಕೈಕಟ್ಟಿ ನಿಲ್ಲಬೇಕು. ಇನ್ನೂ ಒಂದು ಮಾತು. ವಿಎಂ/370ರ ಡೈರೆಕ್ಟರಿಯಲ್ಲಿ ಎಲ್ಲರ ಪಾಸ್‌ವರ್ಡುಗಳೂ ಬಿಚ್ಚಾಗಿ ಬರೆದಿರುತ್ತಿದ್ದವು. ಹಾಗಾಗಿ ಅದನ್ನು ನಮ್ಮ ಸಂಪಾದಕರ ಹಾಳೆಯಂತೆ ಬೀರುವಿಗೆ ಅಂಟಿಸಲು ಸಾಧ್ಯವೇ ಇರಲಿಲ್ಲ. ಪಹಣಿಯನ್ನು ಯಾರು ಬೇಕಾದರೂ ನೋಡಬಹುದು, ಡೈರೆಕ್ಟರಿಯನ್ನು ನೋಡುವ ಹಾಗಿಲ್ಲ. ಆದರೂ ಆ ಕಾಲದಲ್ಲೂ ಬಳಕೆದಾರ ಒಂದು ಆಜ್ಞೆ ಕೊಟ್ಟು ತನ್ನ ಡಿಸ್ಕಿಗೆ ಎಷ್ಟು ಸಿಲಿಂಡರ್ ಅಂತ ನೋಡಿಕೊಳ್ಳಬಹುದಿತ್ತು, ಇನ್ನೊಂದು ಆಜ್ಞೆಯಲ್ಲಿ ನೂರಕ್ಕೆ ಎಷ್ಟು ತುಂಬಿದೆ ಅಂತ ತಿಳಿಯಬಹುದಿತ್ತು. ತನ್ನ ಪಾಲು ತನಗೆ ಅಂಕಿಯಲ್ಲಿ ಕಾಣುತ್ತಿತ್ತು. ನಾನು ಬೆಲೆ ಕೊಡುವುದು ಆ ಒಂದು ಗುಣಕ್ಕೆ.

ಇನ್ನು ದಾಖಲೆಯನ್ನು ಗಣಕಕ್ಕೆ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆಯೂ ನನಗಿಲ್ಲ. ಕರ್ನಾಟಕದಲ್ಲಿ 2000ದ ಸುಮಾರಿಗೆ ಭೂಮಿ ಯೋಜನೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಇಲ್ಲಿ ತೆಲಂಗಾಣದಲ್ಲಿ 2020ರ ಅಕ್ಟೋಬರಿನಲ್ಲಿ ಧರಣಿ ಬಂತು, 2025ರ ಏಪ್ರಿಲಿನಲ್ಲಿ ಅದರ ಜಾಗಕ್ಕೆ ಭೂ ಭಾರತಿ ಬಂತು. ಯಂತ್ರ ಬರೆದದ್ದನ್ನು ಬರೆದ ಹಾಗೆ ಇಡುತ್ತದೆ, ಅಷ್ಟೇ. ಬರೆದದ್ದು ಸರಿಯೋ ತಪ್ಪೋ ಅಂತ ನೋಡುವುದು ಮನುಷ್ಯರ ಕೆಲಸ. ನನ್ನ ಎರಡು ಬಳಕೆದಾರರ ಆಟದಲ್ಲಿ ಯಂತ್ರ ಬಾಯಿ ಬಿಡಲಿಲ್ಲವೆಂಬುದನ್ನು ನೆನಪಿಡಿ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಖಾತೆ ಎಂಬ ಮಾತು ನಮ್ಮಲ್ಲಿ ಬ್ಯಾಂಕಿಗೂ ಸಲ್ಲುತ್ತದೆ, ಹೊಲಕ್ಕೂ ಸಲ್ಲುತ್ತದೆ, ಕಂಪ್ಯೂಟರಿಗೂ ಸಲ್ಲುತ್ತದೆ. ಮೊದಲಿನ ಎರಡಕ್ಕೆ ಇರುವ ಮರ್ಯಾದೆ ಮೂರನೆಯದಕ್ಕೂ ಇರಬೇಕು. ಒಬ್ಬನಿಗೆ ಎಷ್ಟು ಜಾಗ, ಎಲ್ಲಿಯವರೆಗೆ ಎಂಬುದನ್ನು ಅವನು ಓದಬಲ್ಲ ಭಾಷೆಯಲ್ಲಿ ಮೊದಲ ದಿನವೇ ತಿಳಿಸಬೇಕು. ಹತ್ತು ಜನರಿಗೆ ಸೇರಿದ ವಸ್ತು ಒಬ್ಬರ ಖಾತೆಯಲ್ಲಿ ಇರಬಾರದು. ಸಂಘದ್ದು ಸಂಘದ ಖಾತೆಯಲ್ಲಿ, ಇಬ್ಬರ ಕೈಯಲ್ಲಿ ಕೀಲಿ. ಹಿಂದೆ ತಗೊಳ್ಳುವಾಗ ನೋಟಿಸು ಮುಚ್ಚಿದ ಮನೆಯ ಬಾಗಿಲಿಗೆ ಅಂಟಿಸಿ ಕೈತೊಳೆದುಕೊಳ್ಳಬಾರದು. ಇನ್ನೊಬ್ಬರಿಗೂ ತಿಳಿಸಿ, ಅಳಿಸುವ ಮುಂಚೆ ಒಂದು ವರ್ಷವಾದರೂ ನಕಲು ಇಟ್ಟಿರಬೇಕು. ಕಡೆಯದಾಗಿ, ಹಂಚಿದವರೇ ತಾಳೆ ನೋಡಬಾರದು. ನಗದು ಹಿಡಿಯುವವನ ಕೈಗೆ ಲೆಡ್ಜರ್ ಕೊಡಬಾರದು ಅಂತ ನಮಗೆ ಪಾಠ ಮಾಡುತ್ತಾರಲ್ಲ, ಅದೇ ನ್ಯಾಯ. ವರ್ಷಕ್ಕೊಮ್ಮೆ ಬೇರೆಯವರು ಕೂತು ಕೊಟ್ಟದ್ದನ್ನೂ ಉಳಿದದ್ದನ್ನೂ ಕೂಡಿಸಿ ನೋಡಲಿ. ಇದಕ್ಕೆ ಇಂಜಿನಿಯರೇ ಬೇಕಿಲ್ಲ. ಕೂಡಿಸಲು ಬರುವ ಕಾಮರ್ಸಿನ ಹುಡುಗ ಹುಡುಗಿಯರು ಸಾಕು.

ಬೇರೆಯವರಿಗೆ ಹೇಳುವ ಮೊದಲು ನಾವು ಮಾಡಬೇಕಲ್ಲ. ಈ ತಿಂಗಳಿಂದ ಸಂಘದ ಬೀರುವಿನಲ್ಲಿ ಒಂದು ಉದ್ದ ರಿಜಿಸ್ಟರ್ ಇಟ್ಟಿದ್ದೇವೆ. ಯಾವ ವಸ್ತು, ಯಾರ ಖಾತೆ, ಎಷ್ಟು ದೊಡ್ಡದು, ಎಲ್ಲಿಯವರೆಗೆ, ನಕಲು ಎಲ್ಲಿದೆ, ಒಟ್ಟು ಐದು ಅಂಕಣ. ಮೊದಲ ಪುಟದ ಮೊದಲ ನಾಲ್ಕು ಸಾಲು ತುಂಬಿದೆ. ಭಾಲ್ಕಿಯ ಆ ಅಕ್ಕನ ತಮ್ಮನ ಹಳೇ ಫೋನಿನ ಮೆಮೊರಿ ಕಾರ್ಡಿನಲ್ಲಿ ನಾಲ್ಕು ಹಾಡು ಸಿಕ್ಕಿವೆ. ಉಳಿದ ಹತ್ತೊಂಬತ್ತಕ್ಕೆ ಸಾಲು ಬಿಟ್ಟಿದ್ದೇನೆ. ಆ ಸಂಜೆ ಕೇಳುವಾಗ ಯಾರಾದರೂ ತಮ್ಮ ಫೋನಿಗೆ ಹಾಕಿಕೊಂಡಿದ್ದರೆ ದಯವಿಟ್ಟು ಶನಿವಾರ ಮಧ್ಯಾಹ್ನ ಸಂಘದ ಕೋಣೆಗೆ ಬನ್ನಿ. ಸಿಕ್ಕ ನಾಲ್ಕನ್ನು ಬರಹಕ್ಕಿಳಿಸಿ ಮುಂದಿನ ಸಂಚಿಕೆಯಲ್ಲಿ ಹಾಕಲು ಸಂಪಾದಕರು ನಾಲ್ಕು ಸ್ಟೆನ್ಸಿಲ್ ಕೊಡಲು ಒಪ್ಪಿದ್ದಾರೆ. ಬಾಗಿಲ ಹಾಳೆಯ ಮೇಲೆ ಅದನ್ನು ಆಗಲೇ ಬರೆದೂ ಆಗಿದೆ.